ಮಡಿ ಪೆಟ್ಟಿಗೆಯೊಳಗಿನ ಫೋನು

ಮೊನ್ನೆ ನಮ್ಮ ಗಲ್ಲಿಗೆ ನೀರಿನ ಟ್ಯಾಂಕರು ಬಂದಿತ್ತು, ಈ ವರ್ಷ ಮೊದಲ ಸಲ. ಪೈಪಿನಿಂದ ಸೋರಿದ ನೀರು ಕಾದ ಸಿಮೆಂಟಿನ ಮೇಲೆ ಬಿದ್ದು, ರಬ್ಬರು, ಧೂಳು, ಪಾಚಿ ಎಲ್ಲ ಕೂಡಿದ ಒಂದು ವಾಸನೆ ಕಿಟಕಿಯಿಂದ ಒಳಗೆ ಬಂತು. ಬೇರೆಯವರಿಗೆ ಆ ವಾಸನೆಯಿಂದ ಬೇಸಿಗೆ ನೆನಪಾಗಬಹುದು. ನನಗೆ ನೀಲವ್ವ ನೆನಪಾದಳು. ನೆನಪಾದ ಕೂಡಲೇ ಹೊಟ್ಟೆಯೊಳಗೆ ಹಳೆಯ ಉರಿ ಎದ್ದಿತು. ಆಕೆ ಈಗ ಮಿಯಾಪುರದಲ್ಲಿ, ಮಗನ ಅಪಾರ್ಟ್‌ಮೆಂಟಿನ ಎತ್ತರದ ಮಾಳಿಗೆಯಲ್ಲಿ ಗಾಳಿಗೆ ಕುಳಿತು ಆರಾಮಾಗಿ ಇದ್ದಾಳೆ. ನನ್ನ ಉರಿಯ ಸುದ್ದಿಯೇ ಆಕೆಗೆ ಇಲ್ಲ. ಅದನ್ನೂ ನನಗೆ ಸಹಿಸಲಾಗುವುದಿಲ್ಲ.

ನೀಲವ್ವ ನನ್ನ ಬೀಗತಿ, ಸೊಸೆ ಸುವರ್ಣಾಳ ತಾಯಿ. ನಾವು ಇಲಕಲ್ಲ ಕಡೆಯವರು. ನನ್ನ ಯಜಮಾನರಿಗೆ ಈ ತೆಲುಗು ಸೀಮೆಯ ದೊಡ್ಡ ಊರಿನಲ್ಲಿ, ಕುಷಾಯಿಗೂಡದ ದೊಡ್ಡ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಬಂದವರು ಇಲ್ಲಿಯೇ ಉಳಿದೆವು. ಯಜಮಾನರು ಹೋದರು, ಬಾಡಿಗೆ ಮನೆ ಉಳಿಯಿತು. ಮಗ ಬಸವರಾಜ ಕಬ್ಬಿಣದ ಕಪಾಟು ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಅವನಿಗೆ ಒಬ್ಬಳೇ ಮಗಳು, ಪಲ್ಲವಿ. ಅವಳಿಗೆ ಎಣ್ಣೆ ಹಚ್ಚಿ ತಲೆ ಬಾಚಿದವಳು, ಶಾಲೆಗೆ ಕೈ ಹಿಡಿದು ಕರೆದುಕೊಂಡು ಹೋದವಳು, ಜ್ವರ ಬಂದಾಗ ಪಕ್ಕದಲ್ಲಿ ಕುಳಿತವಳು ನಾನು. ನೀಲವ್ವ ಹಬ್ಬಕ್ಕೊಮ್ಮೆ ಬಂದು ಫ್ರಾಕು ಕೊಟ್ಟು ಹೋಗುತ್ತಿದ್ದಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ನನ್ನನ್ನು ಕೆಟ್ಟವಳು ಅನ್ನುವವರು ಇದನ್ನೂ ನೆನಪಿಟ್ಟುಕೊಳ್ಳಲಿ.

ನೀಲವ್ವ ನಮ್ಮ ಮನೆಯಲ್ಲಿ ಬಂದು ಉಳಿದ ಬೇಸಿಗೆಗೆ ಮೊದಲಿನ ವರ್ಷ ಪಲ್ಲವಿ ಡಾಕ್ಟರಿಕೆಯ ಪರೀಕ್ಷೆ ಬರೆದು ಸೀಟು ಸಿಗದೆ ಮನೆಯಲ್ಲಿ ಕುಳಿತಿದ್ದಳು. ಇನ್ನೊಂದು ವರ್ಷ ಓದುತ್ತೇನೆ ಎಂದಳು. ಅದಕ್ಕೆ ಇಲ್ಲಿ ಲಾಂಗ್ ಟರ್ಮ್ ಅನ್ನುತ್ತಾರೆ. ಈ ಊರಿನಲ್ಲಿ ಯಾವ ಬಸ್ಸು ಹತ್ತಿದರೂ ಎರಡು ಸೀಟಿಗೊಂದು ಲಾಂಗ್ ಟರ್ಮ್ ಕೂಸು ಕುಳಿತಿರುತ್ತದೆ, ಮುಖ ಬಾಡಿಸಿಕೊಂಡು. ಬಸವರಾಜ ಒಪ್ಪಿದ. ಆದರೆ ಗೋಡೆಗೆ ಒರಗಿ ನಿಂತು ಒಂದು ಮಾತು ಹೇಳಿದ.

“ಇದೊಂದ ಸಲ ನೋಡವಾ. ಈ ಸಲಾನೂ ಆಗಲಿಲ್ಲಂದ್ರ ಇಲ್ಲೇ ಬಾಜೂಕಿನ ಡಿಗ್ರಿ ಕಾಲೇಜಿಗೆ ಹೆಸರ ಹಚ್ಚತೀನಿ. ಆಮ್ಯಾಲ ಅಳಬಾರದು.”

ಹುಡುಗಿ ದಡ್ಡಿಯಲ್ಲ. ದಡ್ಡಿಯಾಗಿದ್ದರೆ ನನಗೆ ಸಿಟ್ಟೇ ಬರುತ್ತಿರಲಿಲ್ಲ. ಪುಸ್ತಕ ತೆರೆದು ಕೂಡುತ್ತಿದ್ದಳು, ಪುಸ್ತಕದ ನಡುವೆ ಫೋನು ಇರುತ್ತಿತ್ತು. ಬೆರಳು ಮೇಲೆ ಮೇಲೆ ಸರಿಯುತ್ತಿತ್ತು, ಅಕ್ಕಿಯಲ್ಲಿ ಹರಳು ಆರಿಸಿದ ಹಾಗೆ. ಹರಳೂ ಸಿಗುತ್ತಿರಲಿಲ್ಲ, ಅಕ್ಕಿಯೂ ಮುಗಿಯುತ್ತಿರಲಿಲ್ಲ.

“ಯಾರ ಬೇ ಅದರಾಗ? ಅಷ್ಟ ನಗಾಕತ್ತೀಯಲ್ಲ?”

“ಯಾರೂ ಇಲ್ಲಜ್ಜಿ. ಬೆಕ್ಕು.”

“ಯಾರ ಬೆಕ್ಕು?”

“ಗೊತ್ತಿಲ್ಲ.”

ಯಾರದೋ ಬೆಕ್ಕಿಗಾಗಿ ನನ್ನ ಮೊಮ್ಮಗಳು ಡಾಕ್ಟರಿಕೆ ಬಿಡುತ್ತಿದ್ದಳು.

ಬಸವರಾಜ ಒಮ್ಮೆ ಅವಳ ಫೋನು ಕಸಿದುಕೊಂಡು ಅಂಗಡಿಗೆ ಒಯ್ದ. ಮಾರ್ಕುಗಳು, ಪಾಠಗಳು ಎಲ್ಲ ಅದಕ್ಕೇ ಬರುತ್ತವೆ ಎಂದು ಅತ್ತು ಮರಳಿ ತರಿಸಿದಳು. ತಾನೇ ಅದರೊಳಗಿನ ಏನೇನೋ ಅಳಿಸಿದಳು, ಸಂಜೆಗೆ ತಾನೇ ಮತ್ತೆ ತುಂಬಿಕೊಂಡಳು. ಒಂದು ಮಧ್ಯಾಹ್ನ ನೋಡುತ್ತೇನೆ, ಮೂಲೆಯಲ್ಲಿ ಕುಳಿತು ತನ್ನ ಬಲಗೈಯನ್ನು ಎಡಗೈಯಿಂದ ಒತ್ತಿ ಹಿಡಿದುಕೊಂಡು ಅಳುತ್ತಿದ್ದಾಳೆ.

“ಏನಾತ?”

“ಬ್ಯಾಡ ಅನ್ನೂದು ನನಗ ಗೊತ್ತೈತಿ ಅಜ್ಜಿ. ಕೈ ಕೇಳಂಗಿಲ್ಲ.”

“ಕೈ ಯಾರದು? ಮ್ಯಾಲಿನ ಮನಿ ಯಾದಮ್ಮಂದೇನು?”

“ನಿನಗ ತಿಳಿಯಂಗಿಲ್ಲ ಬಿಡು.”

“ತಿಳಿಯೂದೇನೈತಿ ಅದರಾಗ? ನನ್ನ ಕೈಯಾಗ ಕೊಡು. ನಾ ಇಟಗೋತೀನಿ. ಯಾರಪ್ಪ ಬಂದ್ರೂ ಕೊಡಂಗಿಲ್ಲ.”

ಅವಳು ನನ್ನ ಮುಖ ನೋಡಿದಳು. ಆಮೇಲೆ ನನ್ನ ಕೈ ನೋಡಿದಳು. ನನ್ನ ಕೈಯಲ್ಲಿ ನನ್ನ ಫೋನಿತ್ತು, ಅದರಲ್ಲಿ ಧಾರಾವಾಹಿಯ ಅತ್ತೆ ಸೊಸೆಗೆ ವಿಷ ಹಾಕುವ ಹೊತ್ತು. ಪಲ್ಲವಿ ಎದ್ದು ಮುಖ ತೊಳೆದುಕೊಂಡಳು. ವಿಚಾರ ಮಾಡುತ್ತಿದ್ದಾಳೆ, ನಾಳೆ ತಂದು ಕೊಡುತ್ತಾಳೆ ಎಂದುಕೊಂಡೆ.

ನನ್ನದೂ ಒಂದು ಫೋನು ಇದೆ, ಮಗ ಕೊಡಿಸಿದ್ದು. ನಾನು ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು, ಆದರೆ ಅದನ್ನು ಹಿಡಿಯಲು ಇಯತ್ತೆ ಬೇಕಾಗಿಲ್ಲ. ಧಾರಾವಾಹಿ ನೋಡುತ್ತೇನೆ. ಯಾವುದೋ ಊರಿನ ಹೆಣ್ಣುಮಗಳೊಬ್ಬಳು ಒಲೆಯ ಮುಂದೆ ರೊಟ್ಟಿ ಬಡಿಯುವುದನ್ನು ನೋಡುತ್ತೇನೆ, ಆಕೆಗೆ ನನ್ನಷ್ಟು ತೆಳ್ಳಗೆ ಬರುವುದಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು. ಬೇಕೆಂದಾಗ ಬಿಡುತ್ತೇನೆ. ಬಿಡಬೇಕು ಅನಿಸುವುದಿಲ್ಲ, ಅಷ್ಟೇ.

ಹೋಳಿ ಮುಗಿದ ಮೇಲೆ ನೀಲವ್ವ ಬಂದಳು. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಮೊದಲು ಒಂದು, ಕೆಲವು ವಾರ ಬಿಟ್ಟು ಇನ್ನೊಂದು ಆಪರೇಶನ್ ಮಾಡಿಸಬೇಕಿತ್ತು. ಮಿಯಾಪುರದಲ್ಲಿ ಮಗ, ಸೊಸೆ ಇಬ್ಬರೂ ಗಚ್ಚಿಬೌಲಿಯ ಆಫೀಸಿಗೆ ಹೋದರೆ ಕತ್ತಲಾದ ಮೇಲೆಯೇ ಬರುವುದು, ಕಣ್ಣಿಗೆ ಔಷಧಿ ಬಿಡುವವರು ಯಾರೂ ಇಲ್ಲ ಎಂದು ಸುವರ್ಣಾ ತಾಯಿಯನ್ನು ಇಲ್ಲಿಗೆ ಕರೆತಂದಳು. ಮೆಟ್ರೋ ಇಳಿದು ಆಟೋದಲ್ಲಿ ಬಂದಳು ಮಹಾರಾಯಿತಿ. ಮಡಿಲಲ್ಲಿ ಒಂದು ತಗಡಿನ ಪೆಟ್ಟಿಗೆ, ಮೇಲೆ ಕಮಲದ ಹೂವಿನ ಚಿತ್ರ. ಬಟ್ಟೆಯ ಚೀಲವನ್ನು ಆಟೋದವನ ಕೈಗೆ ಕೊಟ್ಟಳು, ಪೆಟ್ಟಿಗೆಯನ್ನು ಯಾರಿಗೂ ಮುಟ್ಟಗೊಡಲಿಲ್ಲ.

ಅದು ಆಕೆಯ ಮಡಿ ಪೆಟ್ಟಿಗೆ. ಒಳಗೆ ವಿಭೂತಿ, ಕರ್ಪೂರ, ಪೂಜೆಯ ಸಾಮಾನು, ತೊಳೆದು ಬೇರೆ ಒಣಗಿಸಿದ ಬಟ್ಟೆ. ಜಳಕ ಮಾಡಿ, ಯಾರೂ ಮುಟ್ಟದ ಸೀರೆ ಉಟ್ಟು, ಏನೂ ತಿನ್ನದೆ ಇದ್ದವರು ಮಾತ್ರ ಅದಕ್ಕೆ ಕೈ ಹಚ್ಚಬೇಕು. ನಮ್ಮ ಮನೆಯಲ್ಲೂ ಮಡಿ ಇತ್ತು, ಆದರೆ ಟ್ಯಾಂಕರಿನ ಊರಿಗೆ ಬಂದ ಮೇಲೆ ಹಬ್ಬಕ್ಕಷ್ಟೇ ಉಳಿದಿತ್ತು. ನೀಲವ್ವ ನಮ್ಮ ದೇವರ ಜಗುಲಿಯ ಕೆಳಗೆ ಆ ಪೆಟ್ಟಿಗೆ ಇಟ್ಟು, ಮೇಲೆ ಹಗ್ಗ ಕಟ್ಟಿಸಿ, ಮಡಿ ಸೀರೆಯನ್ನು ಕೋಲಿನಿಂದ ಮೇಲಕ್ಕೇರಿಸಿದಳು. ನನ್ನ ಮನೆಯಲ್ಲಿ ನನಗೆ ಮುಟ್ಟಬಾರದ ಜಾಗವೊಂದು ಹುಟ್ಟಿಕೊಂಡಿತು.

ಆಪರೇಶನ್ ಆಯಿತು. ಕಪ್ಪು ಚಷ್ಮಾ ಹಾಕಿಕೊಂಡು ಮಂಚದ ಮೇಲೆ ಕುಳಿತಳು. ಕಣ್ಣಿಗೆ ನೀರು ತಾಗಬಾರದು ಎಂದು ಡಾಕ್ಟರು ಹೇಳಿದ್ದರಿಂದ ಕುತ್ತಿಗೆಯ ಕೆಳಗಷ್ಟೇ ಜಳಕ.

“ತಲಿ ತೋಯಿಸದ ಮಡಿ ಯಾವ ಮಡಿರೀ ನೀಲವ್ವಾರ?” ಎಂದು ಕೇಳಿದೆ.

“ದೇವರಿಗೆ ಡಾಕ್ಟರ್ ಚೀಟಿ ತೋರಿಸೀನ್ರಿ ಅಕ್ಕಾರ” ಎಂದು ನಕ್ಕಳು.

ಅಕ್ಕಾರ! ವಯಸ್ಸಿನಲ್ಲಿ ಆಕೆಯೇ ದೊಡ್ಡವಳು. ಅಕ್ಕಾರ ಅಂದು ಅಂದು ನನ್ನನ್ನು ಮುದುಕಿ ಮಾಡಿಟ್ಟಿದ್ದಳು.

ಔಷಧಿ ಬಿಡುವ ಕೆಲಸ ಪಲ್ಲವಿಯದಾಯಿತು. ಒಂದು ದಿನ ನಾನು ಅಡುಗೆಮನೆಯಲ್ಲಿ ಸಾರು ಕುದಿಸುತ್ತಿದ್ದೆ. ಔಷಧಿ ಬಿಟ್ಟು ಮುಗಿಸಿದ ಹುಡುಗಿ ತನ್ನ ಫೋನನ್ನು ನೀಲವ್ವನ ಅಂಗೈಯಲ್ಲಿ ಇಟ್ಟದ್ದು ಬಾಗಿಲಿನಿಂದ ಕಂಡಿತು.

“ನೀಲಜ್ಜಿ, ಇದನ್ನ ನೀ ಇಟಗೋ. ನಾ ಕೇಳಿದ್ರೂ ಕೊಡಬ್ಯಾಡ.”

“ಹಂಗ ಬ್ಯಾಡವಾ. ನಾ ಕೊಡಂಗಿಲ್ಲ ಅಂದ್ರ ನೀ ಫೋನ್ ಬಿಟ್ಟು ನನ್ನ ಕೂಡ ಜಗಳಾಡಕೋತ ಕುಂದರ್ತಿ. ನಿನ್ನ ವಸ್ತು. ನೀನ ಇಡು, ನೀನ ತಗೋ.”

“ಹಂಗಾದ್ರ ಏನ್ ಉಪಯೋಗ?”

“ನನ್ನ ಮಡಿ ಪೆಟ್ಟಿಗ್ಯಾಗ ಇಡು. ಬೇಕಾದಾಗ ಜಳಕ ಮಾಡು, ಮಡಿ ಉಟಗೊಂಡು ಬಾ, ತಗದು ನೋಡು. ಯಾರೂ ಬ್ಯಾಡ ಅನ್ನಂಗಿಲ್ಲ. ನೋಡಿದ ಮ್ಯಾಲ ಹಂಗ ಮಡೀಲೇ ಒಳಗ ಇಟ್ಟು ಏಳು.”

“ಪ್ರತಿ ಸಲ?”

“ಪ್ರತಿ ಸಲ. ನಡುವ ಏನರ ತಿಂದ್ರ ಮತ್ತ ಜಳಕ.”

ಹುಡುಗಿ ನಕ್ಕಳು. ಎಷ್ಟೋ ತಿಂಗಳ ಮೇಲೆ ಬೆಕ್ಕಿಲ್ಲದೆ ನಕ್ಕದ್ದು. ನನ್ನ ಸಾರು ಉಕ್ಕಿ ಒಲೆಯ ಮೇಲೆ ಚೆಲ್ಲಿತು.

ನಾನು ಆ ಸಂಜೆಯೇ ಅವಳನ್ನು ಹಿಡಿದು ಕೇಳಿದೆ. “ನಾ ಕೊಡು ಅಂದಾಗ ಕೊಡಲಿಲ್ಲ. ಆಕಿಗೆ ಯಾಕ ಕೊಟ್ಟಿ?”

“ನೀಲಜ್ಜಿಗೆ ಕಣ್ಣ ಕಾಣಂಗಿಲ್ಲಲ್ಲ ಅಜ್ಜಿ, ಅದಕ್ಕ.” ಅಷ್ಟು ಹೇಳಿ ಓದಲು ಹೋದಳು.

ನೀಲವ್ವನನ್ನೂ ಬಿಡಲಿಲ್ಲ. “ಬಸ್ಸಿನಾಗ, ಬಜಾರದಾಗ, ಎಲ್ಲೆಲ್ಲೋ ಇಟ್ಟ ಫೋನದು. ಮಡಿ ಪೆಟ್ಟಿಗ್ಯಾಗ ಹೆಂಗ ನಡೀತೈತ್ರೀ?”

“ವಿಭೂತಿ ಹಚ್ಚೀನಲ್ರೀ ಅಕ್ಕಾರ.”

ನಿಜವಾಗಿಯೂ ಹಚ್ಚಿದ್ದಳು. ಫೋನಿನ ಬೆನ್ನಿಗೆ ಮೂರು ಬೆರಳಿನ ವಿಭೂತಿ ಎಳೆದು, ಬಿಳಿಯ ಬಟ್ಟೆಯಲ್ಲಿ ಸುತ್ತಿ, ಕರ್ಪೂರದ ಡಬ್ಬಿಯ ಪಕ್ಕ ಕೂರಿಸಿದ್ದಳು. ನಮ್ಮ ಕುಲದಲ್ಲಿ ಯಾವ ಫೋನಿಗೂ ಅಂಥ ಯೋಗ ಬಂದಿರಲಿಲ್ಲ.

ಮೊದಲ ಕೆಲವು ದಿನ ಮನೆ ಧರ್ಮಶಾಲೆಯಂತಾಯಿತು. ಹುಡುಗಿ ಬೆಳಿಗ್ಗೆ ಜಳಕ, ತಿಂಡಿಯ ಮೇಲೆ ಜಳಕ, ಮಧ್ಯಾಹ್ನ ಜಳಕ. ಒದ್ದೆ ಕೂದಲಿನಿಂದ ಪುಸ್ತಕದ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಬೋರಿನ ನೀರು ಆಗಲೇ ಕೆಳಗೆ ಇಳಿದಿತ್ತು, ಟ್ಯಾಂಕರು ಬಂದ ದಿನವಷ್ಟೇ ನೀರು. ಮೇಲಿನ ಮನೆಯ ಯಾದಮ್ಮ, ಮನೆ ಮಾಲಕಿ, ಮೆಟ್ಟಿಲ ಮೇಲೆ ನಿಂತು ಕೂಗಿದಳು. “ಏಮ್ಮಾ, ಮೀ ಇಂಟ್ಲೋ ಪೆಳ್ಳಾ? ಅನ್ನಿ ನೀಳ್ಳಾ!”

ನಿಮ್ಮ ಮನೆಯಲ್ಲಿ ಮದುವೆಯೇನು, ಇಷ್ಟು ನೀರು ಯಾಕೆ ಅಂತ. “ಪೆಳ್ಳಿ ಕಾದು ಯಾದಮ್ಮಾ, ಫೋನು” ಎಂದೆ. ಮದುವೆಯಲ್ಲ, ಫೋನು ಅಂದದ್ದು ಆಕೆಗೆ ತಿಳಿಯಲಿಲ್ಲ. ನನಗೆ ಬುದ್ಧಿ ಸರಿ ಇಲ್ಲ ಎಂದುಕೊಂಡು ಒಳಗೆ ಹೋದಳು.

ಆಮೇಲೆ ಜಳಕ ಕಡಿಮೆಯಾದವು. ಬೇಸರಕ್ಕೋ, ನೀರಿಲ್ಲದ್ದಕ್ಕೋ, ಮಡಿ ಸೀರೆ ಉಟ್ಟುಕೊಳ್ಳುವ ಕಷ್ಟಕ್ಕೋ ನನಗೆ ತಿಳಿಯದು. ಫೋನು ನೋಡಬೇಕು ಎಂದು ಎದ್ದವಳು ಬಚ್ಚಲಿನ ಬಾಗಿಲಿನವರೆಗೆ ಹೋಗಿ, ನಿಂತು, ಏನೋ ವಿಚಾರ ಮಾಡಿ ಮರಳಿ ಬರುತ್ತಿದ್ದಳು. ಆ ನಿಲ್ಲುವುದನ್ನು ನಾನು ಕಣ್ಣಾರೆ ನೋಡಿದೆ. ಮೊದಲು ಹಾಗೆ ನಿಲ್ಲುವುದೇ ಇರಲಿಲ್ಲ, ಕೈ ಹೋಗುತ್ತಿತ್ತು, ಫೋನು ಬರುತ್ತಿತ್ತು. ಈಗ ಬಚ್ಚಲಿನ ಬಾಗಿಲಲ್ಲಿ ನಿಂತು ತನ್ನನ್ನು ತಾನೇ ಕೇಳಿಕೊಳ್ಳುತ್ತಿದ್ದಳು, ಬೇಕೋ, ಬ್ಯಾಡೋ. ಕೊನೆಗೆ ಬೆಳಗಿನ ಜಳಕ ಒಂದೇ ಉಳಿಯಿತು. ಜಗುಲಿಯ ಮುಂದೆ ಕುಳಿತು ಮಾರ್ಕು ನೋಡಿ, ಒಂದು ಸೀನು ಸೀನಿ, ಬಟ್ಟೆ ಸುತ್ತಿ ಒಳಗೆ ಇಡುತ್ತಿದ್ದಳು.

ಒಳ್ಳೆಯದೇ ಆಯಿತು ಅನ್ನುತ್ತೀರಿ. ಹೌದು. ಪೆಟ್ಟಿಗೆ ನನ್ನದಾಗಿದ್ದರೆ ನಾನೂ ಅನ್ನುತ್ತಿದ್ದೆ.

ನನಗೆ ತಡೆಯಲಾಗದ್ದು ಇನ್ನೊಂದಿತ್ತು. ನೀಲವ್ವನಿಗೆ ಟಿವಿ ಇಲ್ಲ, ಓದು ಇಲ್ಲ, ಬರಿ ಕುಳಿತಿರುವುದು. ಪಲ್ಲವಿ ಆಕೆಯ ಮಂಚದ ಪಕ್ಕ ಕುಳಿತು ಗಟ್ಟಿಯಾಗಿ ಪಾಠ ಹೇಳತೊಡಗಿದಳು. ಇಂಗ್ಲಿಷಿನದನ್ನು ಕನ್ನಡ ಮಾಡಿ ಹೇಳಿದರೆ ನೆನಪು ಉಳಿಯುತ್ತದಂತೆ. ಹೃದಯಕ್ಕೆ ನಾಲ್ಕು ಖೋಲಿ, ಬಾಗಿಲು, ಒಂದು ಕಡೆ ಹೊಲಸು ರಕ್ತ, ಒಂದು ಕಡೆ ಶುದ್ಧ ರಕ್ತ. ನೀಲವ್ವ ಕಥೆ ಕೇಳಿದ ಹಾಗೆ ಕೇಳುತ್ತಿದ್ದಳು.

“ಹಾಂ, ಆಮ್ಯಾಲ? ಹೊಲಸ ರಕ್ತ ಎಲ್ಲಿ ಹೋತು?”

“ನಿನ್ನಿ ಹೇಳೀನಲ್ಲ ನೀಲಜ್ಜಿ, ನೀನ ಹೇಳು.”

“ಮರತೆನವಾ.”

“ಪುಪ್ಪುಸಕ್ಕ” ಎಂದು ನಾನು ಅಡುಗೆಮನೆಯಿಂದ ಹೇಳಿದೆ. ಮಿಕ್ಸರ್ ಶುರುವಿತ್ತು, ಯಾರಿಗೂ ಕೇಳಲಿಲ್ಲ. ಮಿಕ್ಸರ್ ಬಂದ್ ಮಾಡಿ ಇನ್ನೊಮ್ಮೆ ಹೇಳುವಷ್ಟು ನಾನು ಹಲ್ಕಾ ಅಲ್ಲ. ಆದರೆ ಆ ಬೇಸಿಗೆಯಲ್ಲಿ ರಕ್ತ ಎಲ್ಲೆಲ್ಲಿ ಹೋಗುತ್ತದೆ ಎಂಬುದು ನೀಲವ್ವನಿಗಿಂತ ನನಗೇ ಚೆನ್ನಾಗಿ ಗೊತ್ತಿತ್ತು.

ಆಗ ನನಗೆ ಒಂದು ಹಟ ಬಂತು. ಒಂದು ಮುಂಜಾನೆ ನನ್ನ ಫೋನನ್ನು ಒಯ್ದು, “ನಂದೂ ಇಡ್ರಿ ಒಳಗ” ಎಂದೆ. ಪಲ್ಲವಿ ಪುಸ್ತಕದಿಂದ ತಲೆ ಎತ್ತಿದಳು. ಅದೇ ನನಗೆ ಬೇಕಾಗಿತ್ತು.

“ಖರೇನ ಅಜ್ಜಿ?”

“ಮತ್ತ? ನನಗೇನ್ ಅದರ ಚಟ ಐತೇನ?”

ನೀಲವ್ವ ಅದಕ್ಕೂ ವಿಭೂತಿ ಎಳೆದು ಒಳಗಿಟ್ಟಳು. ಊಟದ ಹೊತ್ತಿಗೆ ಧಾರಾವಾಹಿಯ ಆ ವಿಷದ ಅತ್ತೆ ನೆನಪಾದಳು. ಸೊಸೆ ಹಾಲು ಕುಡಿದಳೋ ಇಲ್ಲವೋ? ಮಧ್ಯಾಹ್ನ ಎದ್ದು ಜಳಕಕ್ಕೆ ಹೋದೆ.

“ಯಾಕಜ್ಜಿ, ಮುಂಜಾನೆ ಆಗಿತ್ತಲ್ಲ?”

“ಸೆಕಿ ಎಷ್ಟೈತಿ ನೋಡು! ಮೈಯೆಲ್ಲ ಬೆವರು.”

ಸಂಜೆ ಮತ್ತೆ ಸೆಕೆಯಾಯಿತು. ಹುಡುಗಿ ತುಟಿ ಒಳಗೆ ಮಾಡಿಕೊಂಡು ನಗು ತಡೆದಳು. ನೀಲವ್ವನಾದರೂ ಒಂದು ಮಾತು ಅಂದಿದ್ದರೆ ತಿರುಗಿ ನಾಲ್ಕು ಅನ್ನುತ್ತಿದ್ದೆ. ಕಪ್ಪು ಚಷ್ಮಾದ ಹಿಂದೆ ಕಣ್ಣು ಮುಚ್ಚಿ ಕುಳಿತಿದ್ದಳು. ಕೆಲವು ದಿನದ ಮೇಲೆ, ಇಲಕಲ್ಲಿನ ತಂಗಿ ಫೋನು ಮಾಡುತ್ತಾಳೆ, ಎತ್ತದಿದ್ದರೆ ಗಾಬರಿಯಾಗುತ್ತಾಳೆ ಎಂದು ನನ್ನದನ್ನು ತೆಗೆದುಕೊಂಡೆ. ತಂಗಿ ಹಾಗೆ ಮಾಡುವವಳೇ. ಸುಳ್ಳೇನಲ್ಲ.

ಎರಡನೆಯ ಕಣ್ಣಿನ ಆಪರೇಶನ್ ಆಗಿ, ತಪಾಸಣೆಗೆ ಸುವರ್ಣಾ ತಾಯಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಮನೆಯಲ್ಲಿ ನಾನು, ಪಲ್ಲವಿ ಇಬ್ಬರೇ. ಊಟ ಆಗಿತ್ತು. ಟ್ಯಾಂಕರು ಬಂದಿರಲಿಲ್ಲ, ನಲ್ಲಿ ಒಣಗಿತ್ತು, ಕುಡಿಯುವ ಕೊಡದಲ್ಲಿ ಅರ್ಧ ನೀರು. ಅಷ್ಟರಲ್ಲಿ ಬಸವರಾಜ ನನ್ನ ಫೋನಿಗೆ ಕರೆ ಮಾಡಿದ. ಪರೀಕ್ಷೆಯ ಅರ್ಜಿಯಲ್ಲಿ ಏನೋ ತಪ್ಪಾಗಿತ್ತಂತೆ, ತಿದ್ದಲು ಅದೇ ಕೊನೆಯ ದಿನ, ಅವನು ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿಯಲ್ಲಿ ಕುಳಿತಿದ್ದ.

“ಅವ್ವಾ, ಪಲ್ಲಿ ಫೋನಿಗೆ ಒಂದ್ ನಂಬರ ಬಂದೈತಿ. ಜಲ್ದಿ ನೋಡಿ ಹೇಳಂತ ಹೇಳು. ತಡಾ ಆದ್ರ ಅದು ಕೆಡ್ತೈತಿ.”

ಪಲ್ಲವಿ ಜಗುಲಿಯವರೆಗೆ ಓಡಿದಳು. ಪೆಟ್ಟಿಗೆಯ ಮುಂದೆ ನಿಂತುಬಿಟ್ಟಳು.

“ತಗಿ ಬೇ!”

“ನಾ ಉಂಡೀನಿ. ನೀರಿಲ್ಲ.”

“ಉಂಡ್ರ ಉಂಡಿ. ದೇವರೇನ್ ನಿನ್ನ ಹೊಟ್ಟಿ ನೋಡಾಕ ಬರ್ತಾನೇನು? ತಗಿ!”

“ದೇವರಿಗಲ್ಲಜ್ಜಿ.” ಪೆಟ್ಟಿಗೆಯಿಂದ ಒಂದು ಹೆಜ್ಜೆ ಹಿಂದೆ ಸರಿದಳು. “ಇವತ್ತ ಒಮ್ಮಿ ಹಂಗ ತಗದ್ನೆಂದ್ರ ನಾಳಿನೂ ಹಂಗ ತಗೀತೀನಿ. ಏನರ ಒಂದ್ ಕಾರಣ ಸಿಗತೈತಿ. ನನಗ ನನ್ನ ಗೊತ್ತೈತಿ. ನೀ ತಗಿ. ನೀನ ಓದಿ ಹೇಳು. ನಾ ನೋಡಂಗಿಲ್ಲ.”

ಎಂದವಳು ಗೋಡೆಯ ಕಡೆ ತಿರುಗಿ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡಳು. ನಾನು ಪೆಟ್ಟಿಗೆ ತೆರೆದೆ, ಫೋನಿಗೆ ಸುತ್ತಿದ ಬಟ್ಟೆ ಬಿಚ್ಚಿದೆ. ಉಂಡ ಕೈ, ಉಳ್ಳಾಗಡ್ಡಿಯ ವಾಸನೆಯ ಕೈ. ಫೋನಿನ ಮೇಲೆಯೇ ಅಂಕಿಗಳು ಕಾಣುತ್ತಿದ್ದವು. ಅಂಕಿ ನನಗೆ ಬರುತ್ತವೆ. ಒಂದೊಂದಾಗಿ ಓದಿ ಮಗನಿಗೆ ಹೇಳಿದೆ. ಆ ಕಡೆ ಯಾರೋ ಕೀಲಿ ಒತ್ತುವ ಟಕಟಕ ಸದ್ದು ಕೇಳಿತು. ಆಮೇಲೆ, “ಆತವ್ವಾ, ಆತು” ಎಂದು ಉಸಿರು ಬಿಟ್ಟು ಇಟ್ಟುಬಿಟ್ಟ.

ಅಂಕಿಯ ಕೆಳಗೆ ಇನ್ನೂ ಎಷ್ಟೋ ಸಾಲುಗಳಿದ್ದವು, ಸಣ್ಣ ಸಣ್ಣ ಚಿತ್ರದ ಜೊತೆ. ಇಂಗ್ಲಿಷಿನದು ನನಗೆ ಓದಲು ಬಾರದು, ಚಿತ್ರಕ್ಕೆ ಓದು ಯಾಕೆ? ಒಂದರಲ್ಲಿ ಯಾರೋ ಹುಡುಗಿಯರು ಸಮುದ್ರದ ಮುಂದೆ ಹಾರುತ್ತಿದ್ದರು. ಹೆಬ್ಬೆರಳಿನಿಂದ ಸ್ವಲ್ಪ ಮೇಲಕ್ಕೆ ಸರಿಸಿದೆ. ಅದರ ಕೆಳಗೆ ಕೇಕು. ಅದರ ಕೆಳಗೆ...

“ಅಜ್ಜಿ, ಇಡು.”

“ಇಟ್ಟೆ.”

“ಇಟ್ಟಿಲ್ಲ. ಪೆಟ್ಟಿಗಿ ಮುಚ್ಚಿದ ಸಪ್ಪಳ ಬಂದಿಲ್ಲ.”

ಇನ್ನೂ ಗೋಡೆಯ ಕಡೆಗೇ ನಿಂತಿದ್ದಳು, ಕಣ್ಣಿನ ಮೇಲಿನ ಕೈ ತೆಗೆದಿರಲಿಲ್ಲ. ಬೆನ್ನಿನಿಂದಲೇ ಹೇಳಿದಳು. “ನಿನಗ ಯಾಕ ಕೊಡಲಿಲ್ಲಂತ ಕೇಳಿದ್ದಿಯಲ್ಲ ಅಜ್ಜಿ? ಅವತ್ತ ಪೂರಾ ಹೇಳಿದ್ದಿಲ್ಲ.”

ನಾನು ಮುಚ್ಚಳವನ್ನು ಧಡ್ ಎಂದು ಹಾಕಿದೆ. ಅರ್ಜಿ ಹೋದದ್ದು ನನ್ನ ಕೈಯಿಂದ. ಆ ಮಾತನ್ನು ಯಾರೂ ಎತ್ತುವುದಿಲ್ಲ, ಇವತ್ತಿಗೂ.

ನೀಲವ್ವ ಆಸ್ಪತ್ರೆಯಿಂದ ಬರುವುದನ್ನೇ ಕಾಯುತ್ತಿದ್ದೆ. ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟೆ. “ನಿಮ್ಮ ಪೆಟ್ಟಿಗಿ ಮೈಲಿಗಿ ಆಗೈತಿ. ನಾ ಉಂಡ ಕೈಲೇ ಮುಟ್ಟೀನಿ. ಮುಟ್ಟೂದಿತ್ತು, ಮುಟ್ಟೀನಿ.” ಜಗಳಕ್ಕೆ ಸೊಂಟ ಕಟ್ಟಿ ನಿಂತಿದ್ದೆ. ಇಷ್ಟು ದಿನದ್ದೆಲ್ಲ ತೀರಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ.

ಆಕೆ ಗೋಡೆ ಹಿಡಿದು ಬಂದು ಮಂಚದ ಮೇಲೆ ಕುಳಿತಳು. ಎಲ್ಲ ಕೇಳಿಕೊಂಡಳು. “ಭಾಳ ಚೊಲೋ ಮಾಡಿದ್ರಿ ಅಕ್ಕಾರ. ನೀವ್ ಇದ್ದದ್ದಕ್ಕ ಕೂಸಿನ ಕೆಲಸ ಆತು. ಪೆಟ್ಟಿಗೀದೇನು, ಒರಸಿದ್ರಾತು.”

ಅಷ್ಟೇ. ಬೈಗುಳವನ್ನಾದರೆ ನಾನು ಜೀರ್ಣಿಸಿಕೊಳ್ಳುತ್ತಿದ್ದೆ, ಆ ಮಾತನ್ನು ಮಾತ್ರ ಆಗಲಿಲ್ಲ. ಇನ್ನೊಬ್ಬರಿಗೆ ಕೊಡಲು ಆಕೆಯ ಹತ್ತಿರ ಅಷ್ಟೊಂದು ಇದ್ದದ್ದು ಎಲ್ಲಿಂದ? ನನ್ನ ಹತ್ತಿರ ಯಾಕಿಲ್ಲ? ಆ ದಿನ ನಾನು ಹಿಟ್ಟು ನಾದಿದ್ದನ್ನು ನೋಡಿ ಸುವರ್ಣಾ, “ಅತ್ತಿ, ಪರಾತ ಒಡದೀತು” ಎಂದಳು.

ಮುಂದಿನದನ್ನು ಕೇಳುವವರಿಗೆ ಈಗಲೇ ಹೇಳುತ್ತೇನೆ. ಪಲ್ಲವಿಗೆ ಸೀಟು ಸಿಕ್ಕಿತು, ಮನುಷ್ಯರ ಡಾಕ್ಟರಿಕೆಗಲ್ಲ, ದನದ ಡಾಕ್ಟರಿಕೆಗೆ. ಎಮ್ಮೆಯ ಹೊಟ್ಟೆಯೊಳಗೆ ಭುಜದವರೆಗೆ ಕೈ ಹಾಕಿ ಫೋಟೋ ಕಳಿಸುತ್ತಾಳೆ. ಆದರೆ ಆ ಬೇಸಿಗೆಯಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಪರೀಕ್ಷೆಗೆ ಇನ್ನೂ ಕೆಲವು ವಾರ ಇದ್ದವು, ಅಷ್ಟರಲ್ಲಿ ನೀಲವ್ವನ ಕಪ್ಪು ಚಷ್ಮಾ ಹೋಯಿತು, ಕಣ್ಣು ನಿಚ್ಚಳವಾದವು, ಮಗ ಬಂದು ಕರೆದೊಯ್ಯುವ ದಿನ ಗೊತ್ತಾಯಿತು. ಆಕೆ ಹೋದರೆ ಪೆಟ್ಟಿಗೆಯೂ ಹೋಗುತ್ತದೆ. ಪೆಟ್ಟಿಗೆ ಹೋದರೆ ಫೋನು?

ಬಸವರಾಜ ಊಟಕ್ಕೆ ಕುಳಿತಾಗ ಅದನ್ನೇ ಕೇಳಿದ. “ಇನ್ನ ಫೋನ್ ಯಾರ ಹಂತ್ಯಾಕ ಇಡ್ತಿ ಪಲ್ಲಿ? ಖರೇ ಕಷ್ಟ ಇರೂದು ಈಗ.”

“ನೋಡ್ತೀನಿ ಅಪ್ಪಾ” ಎಂದಳು.

ನಾನು ಮಗನಿಗೆ ಇನ್ನೊಂದು ರೊಟ್ಟಿ ಹಾಕಿದೆ. ಬಾಯಿಂದ ಕೇಳಿ ಒಮ್ಮೆ ಸಣ್ಣವಳಾಗಿದ್ದೆ, ಇನ್ನೊಮ್ಮೆ ಕೇಳುವುದಿಲ್ಲ. ಕೆಲಸ ಮಾಡಿ ತೋರಿಸಿದೆ. ನನ್ನ ಟ್ರಂಕನ್ನು ಖಾಲಿ ಮಾಡಿ ಒರೆಸಿದೆ. ಯಜಮಾನರ ಹಳೆಯ ಧೋತರವೊಂದನ್ನು ಒಗೆದು ಬೇರೆ ಒಣಗಿಸಿದೆ. ಧಾರಾವಾಹಿ ಬಿಟ್ಟೆ. ಪೂರ್ತಿ ಬಿಟ್ಟೆ. ಹುಡುಗಿ ಎದುರಿಗಿದ್ದಾಗಲಂತೂ ಬಿಟ್ಟೇ ಇದ್ದೆ. ನನ್ನ ಫೋನನ್ನು ಹಾಸಿಗೆಯ ಮೇಲೆ ಕವುಚಿ ಹಾಕಿ, ನಾನು ನೋಡುತ್ತಿಲ್ಲ ಎಂಬುದನ್ನು ಅವಳು ನೋಡಲಿ ಎಂದು ಕಾಯಿಪಲ್ಲೆ ಹೆಚ್ಚುತ್ತ ಕೂಡುತ್ತಿದ್ದೆ.

ನೀಲವ್ವ ಹೋಗುವ ದಿನ ಎಲ್ಲರಿಗಿಂತ ಮೊದಲು ಎದ್ದೆ. ತಲೆ ತೋಯಿಸಿ ಜಳಕ ಮಾಡಿ, ಮಡಿ ಸೀರೆ ಉಟ್ಟು, ಚಹಾ ಸಹ ಕುಡಿಯದೆ ಜಗುಲಿಯ ಪಕ್ಕ ಕುಳಿತೆ. ನೀಲವ್ವ ನನ್ನನ್ನು ಹೊಸ ಕಣ್ಣಿನಿಂದ ಮೇಲಿಂದ ಕೆಳಗೆ ನೋಡಿದಳು. “ಏನ್ರಿ ಅಕ್ಕಾರ, ಇವತ್ತ ನನಗಿಂತ ಮಡಿ!” ಎಂದಳು. ನಾನು ವಿಭೂತಿ ಹಚ್ಚಿಕೊಳ್ಳುವುದರಲ್ಲಿ ಮಗ್ನಳಾದೆ.

ಪಲ್ಲವಿ ಒದ್ದೆ ಕೂದಲಿನಲ್ಲಿ ಬಂದಳು. ಪೆಟ್ಟಿಗೆ ತೆರೆದು ಫೋನು ತೆಗೆದಳು. ಸುತ್ತಿದ್ದ ಬಟ್ಟೆ ಬಿಚ್ಚಿ ಮಡಚಿ ನೀಲವ್ವನ ಕೈಗೆ ಕೊಟ್ಟು, ಬಗ್ಗಿ ಆಕೆಯ ಕಾಲು ಮುಟ್ಟಿದಳು. ಎದ್ದು ನನ್ನ ಕಡೆ ತಿರುಗಿದಳು. ಫೋನು ಅವಳ ಅಂಗೈಯಲ್ಲಿತ್ತು, ನಮ್ಮಿಬ್ಬರ ನಡುವೆ. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು.

“ತಾ” ಎಂದೆ.

ಅವಳು ನನ್ನ ಕೈಯನ್ನು ತನ್ನ ಇನ್ನೊಂದು ಕೈಯಿಂದ ಹಿಡಿದು ಮೆಲ್ಲಗೆ ಕೆಳಗೆ ಇಳಿಸಿದಳು. “ಬ್ಯಾಡಜ್ಜಿ. ಇನ್ನ ಯಾರ ಕೈಯಾಗೂ ಬ್ಯಾಡ.”

ಎಂದವಳು ಹೋಗಿ ಫೋನನ್ನು ಫ್ರಿಜ್ಜಿನ ತಲೆಯ ಮೇಲೆ, ಉಳ್ಳಾಗಡ್ಡಿಯ ಬುಟ್ಟಿಗೆ ಒರಗಿಸಿ ಇಟ್ಟಳು. ಬಟ್ಟೆ ಇಲ್ಲ, ಮುಚ್ಚಳ ಇಲ್ಲ, ಮಡಿ ಇಲ್ಲ. ಕೈ ಚಾಚಿದರೆ ಸಿಗುವಂತೆ.

“ಅಲ್ಲೇ ಇಡ್ತೀಯೇನು? ಬಯಲಿನಾಗ?”

“ಹೂಂ. ಅಲ್ಲೇ ಇರಲಿ. ನೋಡೂದಿದ್ರ ನೋಡ್ತೀನಿ. ಇಲ್ಲಾಂದ್ರ ಇಲ್ಲ.”

ನೀಲವ್ವ ನಗುತ್ತ ಮೊಮ್ಮಗಳ ಗಲ್ಲ ಸವರಿ, ದೃಷ್ಟಿ ತಾಗದಿರಲೆಂದು ಲಟಿಗೆ ಮುರಿದಳು. ಆಕೆಗೆ ಸಂತೋಷವೇ ಆಗಿತ್ತು. ತನ್ನ ಪೆಟ್ಟಿಗೆ ಇನ್ನು ಬೇಕಾಗಿಲ್ಲ ಎಂಬುದಕ್ಕೆ ಸಂತೋಷಪಡುವವರನ್ನು ನಾನು ಆವತ್ತು ನೋಡಿದೆ. ಮಗನ ಕಾರಿನಲ್ಲಿ ಕುಳಿತು, ಪೆಟ್ಟಿಗೆ ಮಡಿಲಲ್ಲಿ ಇಟ್ಟುಕೊಂಡು ಹೋದಳು.

ಮಧ್ಯಾಹ್ನ ಸುವರ್ಣಾ ಮಲಗಿದಳು. ಪಲ್ಲವಿ ಕಿಟಕಿಯ ಹತ್ತಿರ ನೆಲದ ಮೇಲೆ ಕುಳಿತು ಬರೆಯುತ್ತಿದ್ದಳು. ನಾನು ಫ್ರಿಜ್ಜಿನ ಎದುರಿನ ಕುರ್ಚಿಯಲ್ಲಿ ಕುಳಿತಿದ್ದೆ. ಫೋನು ಗುರ್ ಎಂದು ಉಳ್ಳಾಗಡ್ಡಿ ಬುಟ್ಟಿಗೆ ತಾಗಿ ಸದ್ದು ಮಾಡಿತು. ಅವಳ ಪೆನ್ನು ಒಂದು ಕ್ಷಣ ನಿಂತಿತು. ನನಗೆ ಕಂಡಿತು, ನಿಂತಿತು. ಅದೇ ಬಚ್ಚಲಿನ ಬಾಗಿಲಲ್ಲಿ ನಿಲ್ಲುತ್ತಿದ್ದ ಹಾಗೆ, ಆದರೆ ಈಗ ಬಚ್ಚಲೂ ಇರಲಿಲ್ಲ, ಬಾಗಿಲೂ ಇರಲಿಲ್ಲ. ಆಮೇಲೆ ಪೆನ್ನು ಮತ್ತೆ ನಡೆಯಿತು.

ಎದ್ದು ಬಂದು ಫ್ರಿಜ್ಜು ತೆರೆದು ನೀರು ಕುಡಿದಳು. ಫೋನು ಅವಳ ಹಣೆಯ ಮಟ್ಟದಲ್ಲಿ ಬೆಳಗುತ್ತಿತ್ತು. ಬಾಟಲಿ ಒಳಗಿಟ್ಟು, ಬಾಗಿಲು ಹಾಕಿ, ಹೋಗಿ ಕುಳಿತಳು.

ನೀಲವ್ವನ ಮೇಲೆ ಹೊಟ್ಟೆಕಿಚ್ಚು ಪಡುವುದು ಸುಲಭವಿತ್ತು. ಆಕೆ ನನ್ನ ಹಾಗೆಯೇ ಒಬ್ಬ ಮುದುಕಿ, ಆಕೆಯದನ್ನು ಕಸಿದುಕೊಳ್ಳಬಹುದಿತ್ತು, ಇಲ್ಲ ಅದರಂಥದ್ದೇ ಇನ್ನೊಂದು ಟ್ರಂಕು ಒರೆಸಿ ಇಡಬಹುದಿತ್ತು. ಈ ಹುಡುಗಿಯ ಹತ್ತಿರ ಈಗ ಬಂದದ್ದನ್ನು ಎಲ್ಲಿಂದ ಕಸಿಯಲಿ? ನಾನೇ ಎತ್ತಿ ಆಡಿಸಿದ ಕೂಸು. ಅದರ ಮೇಲೆ ನನಗೆ ಹೊಟ್ಟೆ ಉರಿಯಿತು. ಉರಿಯಿತು ಅಂದರೆ ಉರಿಯಿತು, ಅದರಲ್ಲಿ ಬಣ್ಣ ಹಚ್ಚಿ ಹೇಳುವುದೇನಿದೆ?

ಫೋನು ಮತ್ತೆ ಗುರ್ ಎಂದಿತು.

“ಯಾರೋ ಏನೋ” ಎಂದೆ. “ಅಪ್ಪಂದ ಇದ್ರ?”

“ಅಪ್ಪ ಆದ್ರ ನಿನಗ ಮಾಡ್ತಾನ.” ತಲೆ ಎತ್ತಲಿಲ್ಲ.

“ಕೆಲಸದ್ದ ಇದ್ರ?”

“ಮುಂಜಾನಿ ನೋಡ್ತೀನಿ ಅಜ್ಜಿ.”

ಮಡಿ ಸೀರೆ ಇನ್ನೂ ನನ್ನ ಮೈ ಮೇಲೆಯೇ ಇತ್ತು, ಹೊಟ್ಟೆಯಲ್ಲಿ ಮುಂಜಾನೆಯಿಂದ ಒಂದು ಗುಟುಕು ಚಹಾ ಸಹ ಇರಲಿಲ್ಲ. ಫ್ಯಾನು ತಿರುಗುತ್ತಿತ್ತು. ಅವಳು ಬರೆಯುತ್ತಿದ್ದಳು. ಬುಟ್ಟಿಯ ಪಕ್ಕದ ಬೆಳಕು ಆರಿರಲಿಲ್ಲ, ಮೂಲೆಯಲ್ಲಿ ಯಾವುದೋ ಸಣ್ಣ ಚಿತ್ರ ಕಾಣುತ್ತಿತ್ತು, ಇಷ್ಟು ದೂರದಿಂದ ಮನುಷ್ಯರೋ, ಪ್ರಾಣಿಯೋ ತಿಳಿಯುತ್ತಿರಲಿಲ್ಲ.

ಸಂಜೆಯ ಪಲ್ಲೆಗೆ ಉಳ್ಳಾಗಡ್ಡಿ ಬೇಕು ಎಂದು ಗಟ್ಟಿಯಾಗಿ ಹೇಳಿ, ಕುರ್ಚಿಯಿಂದ ಎದ್ದೆ.